ನಾದಿನಿ ಕೊಟ್ಟ ಮಾತ್ರೆ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕಾಲರಕ್ಕ. ಬೆಳಿಗ್ಗೆ ಮಿಶಿನ್ ಮುಂದೆ ಕೂತರೆ ಊಟದ ಗಂಟೆಯವರೆಗೆ ಮಿಸುಕಾಡುವವಳಲ್ಲ.

ಆ ಬೇಸಗೆಯಲ್ಲಿ ಅವಳ ಕಾಲುಗಳು ಊದತೊಡಗಿದವು. ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಬರೆ ಎಳೆದಂತೆ ಉಳಿಯುತ್ತಿತ್ತು. ಬೆರಳಿಂದ ಒತ್ತಿದಲ್ಲಿ ಗುಳಿ ಬೀಳುತ್ತಿತ್ತು. ಮೈಯಲ್ಲಿ ನೀರು ನಿಂತಿರುವಾಗ ಮತ್ತೆ ನೀರು ಕುಡಿಯುವುದೇ ತಪ್ಪು ಎಂದುಕೊಂಡು ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದಳು. ಊತ ಜಗ್ಗಲಿಲ್ಲ.

ಆಗ ಮನೆಯಲ್ಲಿ ಜೊತೆಗಿದ್ದ ನಾದಿನಿ ತನ್ನ ಮಾತ್ರೆಯನ್ನೇ ತೆಗೆದುಕೊಟ್ಟಳು. "ಅತ್ತಿಗೆ, ಇದು ಬಿಪಿಗೆ ಅಂತ ನಂಗೆ ಬರ್ದಿರೋದು. ಮೈಯಲ್ಲಿರೋ ನೀರೆಲ್ಲ ಇಳಿಸುತ್ತೆ. ನಂಗೆ ಆಗಿ ಬಂದಿದೆ, ನಿಂಗೂ ಆಗುತ್ತೆ."

ಊತ ಇಳಿಯಿತು. ಕಾಲರಕ್ಕ ಹಿಗ್ಗಿ, ಒಂದು ನುಂಗುವಲ್ಲಿ ಎರಡು ನುಂಗಿದಳು. ಒಂದು ಮಧ್ಯಾಹ್ನ ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತು. ಏಳಲು ಹೋದವಳು ಕಣ್ಣು ಕತ್ತಲಿಟ್ಟು, ತಾನೇ ಹೊಲಿದ ಅಂಗಿಗಳ ರಾಶಿಯ ಮೇಲೆ ಕುಸಿದಳು.

ಆಸ್ಪತ್ರೆಯಲ್ಲಿ ರಕ್ತದ ವರದಿಯನ್ನೂ ನಾದಿನಿ ತಂದ ಮಾತ್ರೆಯ ಪಟ್ಟಿಯನ್ನೂ ನೋಡಿದ ಡಾಕ್ಟರಮ್ಮ ಕೇಳಿದರು, "ಈ ಮಾತ್ರೆ ಬರೆದುಕೊಟ್ಟವರು ಯಾರು?"

"ನಾನೇ ಕೊಟ್ಟೆ," ಎಂದಳು ನಾದಿನಿ.

"ನೀರಿನ ಜೊತೆ ಪೊಟ್ಯಾಶಿಯಮ್ಮೂ ಹೋಗಿಬಿಟ್ಟಿದೆ. ಇನ್ನೂ ಇಳಿದಿದ್ರೆ ಎದೆಬಡಿತವೇ ತಪ್ಪಿ ಜೀವ ಹೋಗ್ತಿತ್ತು."

ನಾದಿನಿ ಮಾತ್ರೆಯ ಪಟ್ಟಿಯನ್ನು ಚೀಲದ ತಳಕ್ಕೆ ತುರುಕಿದಳು. ಹಾಸಿಗೆಯಲ್ಲಿದ್ದ ಕಾಲರಕ್ಕ ಅವಳನ್ನೇ ನೋಡಿದಳು. ಅಕ್ಕರೆಯಿಂದ ಕೊಟ್ಟದ್ದು, ತಾನು ಆಸೆಯಿಂದ ನುಂಗಿದ್ದು. ಯಾರನ್ನು ಬಯ್ಯುವುದು?

ಹೃದಯ, ಮೂತ್ರಪಿಂಡ ಎಲ್ಲ ಪರೀಕ್ಷೆ ಮಾಡಿದರು, ದೋಷವಿರಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದರು: "ಬಾಯಾರಿದಾಗ ನೀರು ಕುಡೀರಿ. ಕಮ್ಮಿ ಮಾಡಬೇಕಾದ್ದು ಉಪ್ಪು. ಕೂತಲ್ಲೇ ಪಾದ ಆಡಿಸಿ, ಆಗಾಗ ಎದ್ದು ಓಡಾಡಿ, ಮನೇಲಿ ಕಾಲು ದಿಂಬಿನ ಮೇಲಿಡಿ. ಒಂದೇ ಕಾಲು ಊದಿದ್ರೆ, ಉಸಿರು ಕಟ್ಟಿದ್ರೆ ತಡಮಾಡದೆ ಬನ್ನಿ."

"ನಾನು ಉಪ್ಪು ತಿನ್ನೋದೇ ಕಮ್ಮಿ," ಎಂದಿದ್ದಳು ಕಾಲರಕ್ಕ. ಮನೆಗೆ ಬಂದು ನಾದಿನಿ, ಕಾಲರಕ್ಕ ದಿನಾ ಕುಡಿಯುವ ಸೂಪಿನ ಪೊಟ್ಟಣದ ಹಿಂಬದಿ ಓದಿದಳು. ಒಂದು ಬಟ್ಟಲಿನಲ್ಲೇ ದಿನಕ್ಕೆ ಸಾಕಾಗುವ ಉಪ್ಪಿನ ಅರ್ಧ. ಅಷ್ಟೇ ಉಪ್ಪನ್ನು ಡಬ್ಬಿಯಿಂದ ಚಮಚದಲ್ಲಿ ತೆಗೆದು ತಟ್ಟೆಗೆ ಸುರಿದು ತೋರಿಸಿದಳು. ಜೊತೆಗೆ ಚಿಪ್ಸು, ಉಪ್ಪಿನಕಾಯಿ ಬೇರೆ.

"ಇಷ್ಟು ದಿನ ನನ್ನನ್ನೇ ಉಪ್ಪಿನಕಾಯಿ ಹಾಕ್ತಿದ್ದೆ ಬಿಡು," ಎಂದಳು ಕಾಲರಕ್ಕ. ನಾದಿನಿ ನಗಲಿಲ್ಲ.

ಊತ ನಿಧಾನವಾಗಿ ಇಳಿಯಿತು. ಸೆಕೆಯ ದಿನ ಸ್ವಲ್ಪ ಇದ್ದೇ ಇರುತ್ತದೆ. ಊಟವಾದ ಮೇಲೆ ಇಬ್ಬರೂ ಬೀದಿಯ ಕೊನೆಯವರೆಗೆ ನಡೆದು ಬರುತ್ತಾರೆ. ಒಮ್ಮೊಮ್ಮೆ ನಾದಿನಿ ಮಾತಿನ ನಡುವೆಯೇ ಅತ್ತಿಗೆಯ ಮುಂಗೈ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.

"ಏನೇ?"

"ಏನಿಲ್ಲ, ನಡಿ."