ಕೆರೆಗೆ ಬಿಟ್ಟ ಮೂಡೆ

ಸ್ವಲ್ಪ ತಾಳಿ, ಪುಟ ಮಗುಚಬೇಡಿ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ನಾನು ಹೊಟ್ಟೆಯೊಳಗೆ ಇಟ್ಟುಕೊಂಡ ಒಂದು ಸಂಗತಿ ಉಂಟು, ಅದು ಬರುವವರೆಗೆ ಕಾಯಿರಿ. ಬರೆಯುವುದನ್ನಾಗಲಿ ಟೈಪು ಮಾಡುವುದನ್ನಾಗಲಿ ನನಗೆ ಯಾರೂ ಕಲಿಸಿದ್ದಲ್ಲ. ಬಾಯಿಗೆ ಬಂದದ್ದರ ಹಿಂದೆ ಬೆರಳು ಓಡುತ್ತದೆ, ಅಷ್ಟೆ.

ಕಳೆದ ವಾರ ಪೇಟೆಗೆ ಹೋದವಳು ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕೃಷ್ಣಾಷ್ಟಮಿ ಹತ್ತಿರ ಬಂದಿತ್ತು. ಒಬ್ಬ ಹೆಂಗಸು ಬುಟ್ಟಿ ಇಳಿಸಿ ಮೂಡೆಯ ಕೊಟ್ಟೆಗಳನ್ನು ಮಾರಲು ಕೂತಳು. ಕೊಟ್ಟೆ ಎಂದರೆ ಮುಂಡೇವಿನ ಮುಳ್ಳಿನೆಲೆಯನ್ನು ಸುರುಳಿ ಸುತ್ತಿ ಮಾಡಿದ ಉದ್ದ ಲೋಟ. ಅದರಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಮೂಡೆ. ಬೆಂಕಿಗೆ ಹಿಡಿದು ಬಾಡಿಸಿದ ಆ ಎಲೆಯ ವಾಸನೆ ಮೂಗಿಗೆ ಬಡಿದದ್ದೇ, ಎದುರು ನಿಂತ ಬಸ್ಸು ಹೊರಟುಹೋದದ್ದೂ ನನಗೆ ತಿಳಿಯಲಿಲ್ಲ...

ಆಗ ನನಗೆ ಹತ್ತು ವರ್ಷ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷವೋ, ಅದರ ಹಿಂದಿನದ್ದೋ. ನಮ್ಮೂರು ಕಾವೂರು ಆಗ ಹಳ್ಳಿಯೇ: ಗದ್ದೆ, ಕೆರೆ, ಅಲ್ಲೊಂದು ಇಲ್ಲೊಂದು ಮನೆ. ಕೆರೆಯ ಆಚೆ ಬದಿಯಲ್ಲಿ ಬಾಯಮ್ಮ ಇದ್ದರು. ಕ್ರಿಶ್ಚಿಯನ್ ಮನೆಯ ಹೆಂಗಸರನ್ನೆಲ್ಲ ನಾವು ಹಾಗೆಯೇ ಕರೆಯುತ್ತಿದ್ದದ್ದು. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬಂದರೆ ಬಂದರು. ಮಕ್ಕಳಿರಲಿಲ್ಲ.

ಅಷ್ಟಮಿಗೆ ನಮ್ಮ ಮನೆಗೆ ಕೊಟ್ಟೆ ಕಟ್ಟಿ ಕೊಡುತ್ತಿದ್ದದ್ದು ಇದೇ ಬಾಯಮ್ಮ. ಅವರು ಕಟ್ಟಿದ ಎಲೆ ನಮ್ಮ ಅಡುಗೆಮನೆಗೆ ಬರುತ್ತಿತ್ತು, ಅವರು ಬೇಯಿಸಿದ್ದು ಬರುತ್ತಿರಲಿಲ್ಲ. ಎಲೆಗೆ ಮೈಲಿಗೆ ಇಲ್ಲ, ಬೆಂದದ್ದಕ್ಕೆ ಉಂಟು. ಇದು ಅಜ್ಜಿಯ ಕಾನೂನು. ಒಮ್ಮೆ ನಾನು ಬಾಯಮ್ಮನ ಮನೆಯಲ್ಲಿ ಚಾ ಕುಡಿದೆನೆಂದು ಅಜ್ಜಿ ಬಾವಿಕಟ್ಟೆಯಲ್ಲಿ ನಿಲ್ಲಿಸಿ ತಲೆಗೆ ನೀರು ಸುರಿದಿದ್ದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು.

ಆದರೂ ರಜೆಯಿದ್ದರೆ ನಾನು ಅಲ್ಲಿಗೇ ಓಡುತ್ತಿದ್ದೆ. ತೋಡಿನ ನೀರ ಬದಿಗೆ ಹೋಗಿ ಎಲೆ ಕೊಯ್ದು, ಮುಳ್ಳು ತೆಗೆದು, ಬಾಡಿಸಿ, ಸುತ್ತುವುದನ್ನು ಅವರೇ ಕಲಿಸಿದರು.

"ಕಣ್ಣು ಎಲ್ಲಿ ಉಂಟು ನಿಂದು? ಎಲೆ ಇತ್ಲಾಗೆ, ನೀನು ಅತ್ಲಾಗೆ. ಹೀಗೆ ಸುತ್ತಿದ್ರೆ ಹಿಟ್ಟೆಲ್ಲ ಸೋರಿ ನಿನ್ನ ಅಜ್ಜಿಗೆ ಗಂಜಿ ಸಿಕ್ತದೆ, ಮೂಡೆ ಅಲ್ಲ!"

ಬೇರೆಯವರು ಕೊಟ್ಟೆಯ ತಳವನ್ನು ಒಂದು ಸಲ ಮಡಚಿ ಮುಳ್ಳು ಚುಚ್ಚಿದರೆ, ಬಾಯಮ್ಮ ಎರಡು ಸಲ ಮಡಚುತ್ತಿದ್ದರು. ನೂರು ಕೊಟ್ಟೆಯ ನಡುವೆ ಇಟ್ಟರೂ ಅವರದ್ದು ಗೊತ್ತಾಗುತ್ತಿತ್ತು.

ಆ ವರ್ಷ ಅಷ್ಟಮಿ ಕಳೆದ ಮೇಲೆ ಅವರ ಮೊಂತಿ ಹಬ್ಬ ಬಂತು, ಹೊಸ ತೆನೆಯ ಹಬ್ಬ. ಬೆಳಿಗ್ಗೆ ಇಗರ್ಜಿಯಿಂದ ತೆನೆ ಹಿಡಿದು ಬಂದವರು ನಾಲ್ಕು ಭತ್ತದ ಕಾಳುಗಳನ್ನು ಗಂಡನಿಗೆ ಬರೆದ ಕಾಗದದೊಳಗೆ ಹಾಕಿ ಅಂಟಿಸಿದರು. ಹೊಸ ಅಕ್ಕಿಯನ್ನು ಮನೆಯವರೆಲ್ಲ ಒಟ್ಟಿಗೆ ಉಣ್ಣಬೇಕಂತೆ. ದೂರ ಇದ್ದವರಿಗೆ ಪಾಲು ಕಳಿಸಬೇಕಂತೆ. ಆಮೇಲೆ ಅಡುಗೆ. ನಾನು ಹೊಸ್ತಿಲ ಹೊರಗೆ ಕೂತು ಹರಿವೆ ಸೊಪ್ಪು ಬಿಡಿಸಿಕೊಟ್ಟೆ. ಆ ಮನೆಯಲ್ಲಿ ಆ ದಿನ ಮೀನು ಕೂಡ ಇಲ್ಲ. ಒಲೆಯ ಮೇಲೆ ಹೊಸ ಮಡಕೆ, ಅದರೊಳಗೆ ಮೂಡೆ. ಹೊರಗೆ ಬಿಸಿಲು ಏರುತ್ತಿತ್ತು, ಒಳಗೆ ತೆಂಗಿನಹಾಲು ಕುದಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟು ಸಮಾಧಾನದ ದಿನ ನನಗೆ ಮತ್ತೆ ಸಿಕ್ಕಿದ್ದು ಕಡಿಮೆ...

ಮಧ್ಯಾಹ್ನ ಅವರು ಬಾಳೆಲೆಯಲ್ಲಿ ಮೂಡೆ ಕಟ್ಟಿ ನನ್ನ ಕೈಗೆ ಕೊಟ್ಟರು.

"ನಮ್ಮ ಹಾಗೆ ಹಿಟ್ಟಿಗೆ ಕಳ್ಳು ಹಾಕ್ಲಿಲ್ಲ, ಉದ್ದು ಹಾಕಿದ್ದೇನೆ. ಮಡಕೆ ಕೂಡ ಹೊಸತು. ಅಜ್ಜಿಗೆ ಹೇಳು, ಆಯ್ತಾ? ಇದು ಮನೆಯವರ ಪಾಲು. ನಾನು ಒಬ್ಬಳೇ ಹೇಗೆ ಉಣ್ಣುದು? ಅಮ್ಮ ಎಂತ ಹೇಳಿದ್ರು ಅಂತ ನಾಳೆ ಬಂದು ಹೇಳ್ಬೇಕು."

ಕೆರೆಯ ಏರಿಯ ಮೇಲೆ ನಡೆದೆ. ಕಟ್ಟು ಬೆಚ್ಚಗಿತ್ತು. ಅರ್ಧ ದಾರಿಯಲ್ಲಿ ಬಾವಿಕಟ್ಟೆಯ ನೀರು ನೆನಪಾಯಿತು. ಅಜ್ಜಿ ಇದನ್ನು ಅಂಗಳದಲ್ಲೇ ಎಸೆದರೆ? ಬಾಯಮ್ಮನಿಗೆ ಸುದ್ದಿ ಹೋದರೆ? ಅವರ ಮನಸ್ಸು ನೋಯಬಾರದೆಂದೇ ಕಟ್ಟನ್ನು ಮನೆಗೆ ಒಯ್ಯಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬೈಗುಳ ತಿನ್ನಲು ನನಗೆ ಹೆದರಿಕೆ, ಬೇರೇನೂ ಅಲ್ಲ. ಕೂತು ಒಂದೊಂದೇ ಕೊಟ್ಟೆಯನ್ನು ಮೇಲಿನಿಂದ ಬಿಚ್ಚಿದೆ. ಒಳಗಿನದ್ದನ್ನು ಮುರಿದು ಮೀನುಗಳಿಗೆ ಹಾಕಿದೆ. ಎಲೆಗಳನ್ನೂ ನೀರಿಗೆ ಬಿಟ್ಟು ಮನೆಗೆ ಓಡಿದೆ.

ಮರುದಿನ ಬಾಯಮ್ಮ ಜಗಲಿಯಲ್ಲೇ ಕಾಯುತ್ತಿದ್ದರು. "ಎಂತ ಹೇಳಿದ್ರು?"

"ಎಲ್ಲರೂ ತಿಂದರು. ಹತ್ತಿಯ ಹಾಗೆ ಮೆತ್ತಗೆ ಉಂಟು ಅಂದರು. ಅಜ್ಜಿ ಎರಡು ತಿಂದರು!" ಕೇಳದಿದ್ದರೂ ಸೇರಿಸಿ ಸೇರಿಸಿ ಹೇಳಿದೆ.

ಅವರು ಕೊನೆಯವರೆಗೂ ಕೇಳಿದರು. "ಹೌದಾ? ಒಳ್ಳೆದಾಯ್ತು ಮಗಾ," ಎಂದು ಒಳಗೆ ಹೋದರು.

ಆಗ ನೋಡಿದೆ. ಜಗಲಿಯ ಬದಿಯಲ್ಲಿ ಒಗೆದ ಬಟ್ಟೆಯ ಬುಟ್ಟಿ ಇತ್ತು. ಅವರು ಬೆಳಿಗ್ಗೆ ಬಟ್ಟೆ ಒಗೆಯುವುದು ಕೆರೆಯ ಮೆಟ್ಟಿಲಲ್ಲಿ. ಬುಟ್ಟಿಯ ಅಂಚಿನಲ್ಲಿ ಒದ್ದೆ ಮುಂಡೇವು, ತಳ ಎರಡು ಸಲ ಮಡಚಿದ್ದು, ಮುಳ್ಳು ಇನ್ನೂ ಚುಚ್ಚಿಕೊಂಡೇ ಇತ್ತು...

ಒಳಗೆ ಹೋಗಿ ತಪ್ಪಾಯಿತು ಎನ್ನಬಹುದಿತ್ತು. ನಾನು ಚಪ್ಪಲಿಯಿಲ್ಲದ ಕಾಲಲ್ಲಿ ಸದ್ದಾಗದ ಹಾಗೆ ಹೊರಟು ಬಂದೆ.

ಮುಂದಿನ ಅಷ್ಟಮಿಗೂ ಕೊಟ್ಟೆ ಬಂತು. ಬಾಯಮ್ಮ ನಮ್ಮ ಜಗಲಿಯಲ್ಲಿಟ್ಟು ಹೋದರು. ಎಲೆ ಕೊಯ್ಯಲು ನನ್ನನ್ನು ಕರೆಯಲಿಲ್ಲ. ಮೊಂತಿ ಹಬ್ಬಕ್ಕೆ ಯಾರ ಕೈಯಲ್ಲೂ ಏನೂ ಕಳಿಸಲಿಲ್ಲ. ಕೆಲವು ವರ್ಷ ಕಳೆದು ಗಂಡ ಹಡಗು ಬಿಟ್ಟು ಬಂದ ಮೇಲೆ ಇಬ್ಬರೂ ಉಳ್ಳಾಲಕ್ಕೆ ಹೋದರು. ಅಲ್ಲಿ ಮೊದಲು ಗಂಡ, ಹೋದ ವರ್ಷ ಬಾಯಮ್ಮ ತೀರಿಕೊಂಡರಂತೆ. ಮಣ್ಣು ಮಾಡಿದ ಮೇಲೆ ನಮಗೆ ಸುದ್ದಿ ಬಂತು.

ಮೊನ್ನೆ ಅಷ್ಟಮಿಗೆ ಅಮ್ಮ ಪೇಟೆಯಿಂದ ತಂದ ಕೊಟ್ಟೆಗೆ ಹಿಟ್ಟು ಹೊಯ್ಯುತ್ತಾ ಹೇಳಿದರು: "ಬಾಯಮ್ಮನ ಕೈಕೆಲಸ ಇದಕ್ಕೆ ಬರುದಿಲ್ಲ. ಆದ್ರೆ ಕೈ ಭಾರೀ ಬಿಗಿ, ಮಾರಾಯ್ತಿ. ಅಷ್ಟು ವರ್ಷ ಹತ್ತಿರ ಇದ್ದು ಹಬ್ಬಕ್ಕೆ ಒಂದು ತುಂಡು ಕೊಟ್ಟವರಲ್ಲ. ನಾನು ಎಷ್ಟು ಜನರ ಹತ್ರ ಹೇಳಿದ್ದೇನೆ."

ಅಜ್ಜಿ ಈಗ ಇಲ್ಲ. ಹೆದರಲು ಯಾರೂ ಇಲ್ಲ. ಎಲ್ಲವನ್ನೂ ಹೇಳಿದೆ. ಅಮ್ಮ ಸೌಟು ಕೆಳಗಿಟ್ಟರು.

"ನನ್ನ ಕೈಗೆ ಕೊಡ್ಲಿಕ್ಕೆ ಎಂತ ಆಗಿತ್ತು ನಿಂಗೆ? ಅಜ್ಜಿಗೆ ಕಾಣದ ಹಾಗೆ ಹಿತ್ಲಲ್ಲಿ ಕೂತು ನಾನು ತಿಂತಿದ್ದೆ."

ನಾನು ಸೌಟಿನಿಂದ ಸೋರಿದ ಹಿಟ್ಟು ಒರೆಸತೊಡಗಿದೆ.

"ಹೇಗಿತ್ತು ರುಚಿ? ಅದಾದ್ರೂ ಹೇಳು."

"ಗೊತ್ತಿಲ್ಲ ಅಮ್ಮ. ನಾನೂ ತಿನ್ನಲಿಲ್ಲ."

ಬಾಯಮ್ಮನ ಬಗ್ಗೆ ಅಮ್ಮ ಯಾರ್ಯಾರ ಹತ್ತಿರ ಹೇಳಿದ್ದರೋ, ಈಗ ಆ ಮನೆಗಳಿಗೆಲ್ಲ ಹೋಗಿ ಅದು ಹಾಗಲ್ಲ ಎಂದು ಹೇಳಿ ಬರುತ್ತಿದ್ದಾರೆ. ನಿನ್ನೆ ಎರಡು ಮನೆಗೆ ನಾನೂ ಜೊತೆಗೆ ಹೋದೆ, ತಲೆ ತಗ್ಗಿಸಿ ನಿಂತೆ. ಉಳ್ಳಾಲಕ್ಕೆ ಹೋಗಿ ಯಾರಿಗೆ ಹೇಳುವುದು?

ಪ್ರೀತಿಯಿಂದ ಕೊಟ್ಟವರ ಮುಖಕ್ಕೆ ನಿಮ್ಮಲ್ಲೂ ಯಾರಾದರೂ ಹೀಗೆ ಸುಳ್ಳು ಹೇಳಿದ್ದುಂಟಾ? ಇದ್ದರೆ ಒಂದು ಕಾರ್ಡಿನಲ್ಲಾದರೂ ಬರೆದು ತಿಳಿಸಿ. ಅವರು ಇನ್ನೂ ಬದುಕಿದ್ದರೆ ಮೊದಲು ಅವರ ಮನೆಗೆ ಹೋಗಿ, ನನಗೆ ಆಮೇಲೆ ಬರೆಯಿರಿ.