ಯುಗಾದಿಗೆ ಮೊದಲೇ ಮುರಿಸಿದ ಪಿಂಚಣಿ

ಇವತ್ತು ಯುಗಾದಿ. ಬೆಳಿಗ್ಗೆ ಹೆಂಡತಿ ಬೇವಿನ ತಂಬಿಗೆ ತಂದು ಮುಂದಿಟ್ಟಳು. ಬೇವಿನ ಹೂ, ಬೆಲ್ಲ, ಹುಣಸೆಹುಳಿ, ಮಾವಿನಕಾಯಿ ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಂಗಾವತಿಯ ನಮ್ಮ ಓಣಿಯ ಕಾಕಾ ನೆನಪಾದರು. ಸಂಬಂಧಿಕರೇನಲ್ಲ, ಪಕ್ಕದ ಮನೆಯವರು. ಮರಳಿ ಎಂಬ ಊರಿನ ಹತ್ತಿರದ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾಗಿದ್ದರು. ಒಂದು ಕಡೆ ಕೂತ ಜೀವವಲ್ಲ ಅದು. ಚಹಾ ಕುಡಿಯುವಾಗಲೂ ಕಪ್ಪು ಹಿಡಿದು ಅಂಗಳಕ್ಕೂ ಓಣಿಗೂ ಓಡಾಡುತ್ತಿದ್ದರು...

ನಾನು ಬ್ಯಾಂಕಿನಲ್ಲಿದ್ದೆ, ಹಾಗಾಗಿ ಅವರ ಚಿಂತೆಯೆಲ್ಲ ನನ್ನ ತಲೆಗೆ. ನೌಕರಿಯ ದಿನಗಳಲ್ಲಿ ತೆರಿಗೆ ಉಳಿಸಲೆಂದು ಎರಡು ಪಿಂಚಣಿ ಪಾಲಿಸಿ ಮಾಡಿಸಿದ್ದರು. ಈಗ ಅವನ್ನು ಮುರಿಸಿ, ಆ ಹಣವನ್ನು ಹೆಂಡತಿಯ, ಅಂದರೆ ನಮ್ಮ ಕಾಕು ಹೆಸರಿನ ಪಿಪಿಎಫ್ ಖಾತೆಗೆ ವರ್ಷ ವರ್ಷ ಹಾಕಬೇಕೆಂಬ ಹಟ. ಪಿಪಿಎಫ್ ಬಡ್ಡಿಗೆ ತೆರಿಗೆ ಇಲ್ಲ, ನಿಜ. ಆದರೆ ಪಾಲಿಸಿ ಮುರಿಸಿದರೆ ಬಂದಷ್ಟೂ ಹಣ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಅಂದು ಉಳಿಸಿದ್ದನ್ನು ಇಂದು ಕಟ್ಟಬೇಕು. ಒಂದನ್ನು ಈಗ, ಇನ್ನೊಂದನ್ನು ಏಪ್ರಿಲ್‌ನಲ್ಲಿ ಹೊಸ ತೆರಿಗೆ ವರ್ಷ ಬಂದ ಮೇಲೆ ಮುರಿಸಿದರೆ ತೆರಿಗೆ ಎರಡು ವರ್ಷಕ್ಕೆ ಹಂಚಿ ಹಗುರಾಗುತ್ತದೆ ಎಂದು ತಿಳಿಹೇಳಿದೆ. ಉಳಿದದ್ದರಲ್ಲಿ ಅಡುಗೆಮನೆಯ ಸೋರುವ ಮಾಳಿಗೆ ಸರಿಮಾಡಿಸಬಹುದಿತ್ತು. ಕಾಕು ಅದನ್ನು ಮಾಡಿಸಿರೆಂದು ಕೇಳಿ ಕೇಳಿ ಬೇಸತ್ತಿದ್ದರು.

ಆ ವರ್ಷ ಯುಗಾದಿ ಮಾರ್ಚ್‌ನಲ್ಲೇ ಬಂತು. ಹಳೆಯ ಬಾಕಿ ಹೊತ್ತುಕೊಂಡು ಬೇವು ಕುಡಿಯಬಾರದೆಂಬುದು ಅವರ ಮನೆಯ ರೂಢಿ. ಹಬ್ಬದ ಹಿಂದಿನ ಅಮಾವಾಸ್ಯೆಯೊಳಗೆ ಕಿರಾಣಿ ಅಂಗಡಿಯ ಉದ್ದರಿಯೂ ತೀರಬೇಕು. ಆ ತೆರಿಗೆಯೂ ಕಾಕಾನ ಲೆಕ್ಕದಲ್ಲಿ ಬಾಕಿಯೇ, ಹಾಗಾಗಿ ಎರಡೂ ಪಾಲಿಸಿ ಹಬ್ಬದೊಳಗೇ ಮುರಿಸಬೇಕೆಂದರು. ಇದು ಬಾಕಿಯಲ್ಲ, ಇನ್ನೂ ಹುಟ್ಟದ ತೆರಿಗೆ ಎಂದು ನಾನು ಹಣೆ ಚಚ್ಚಿಕೊಂಡೆ.

“ಸರ್ಕಾರದ ಪಾಲು ನನ್ನ ಕೊಳ್ಳಾಗ ಐತಿ ತಮ್ಮಾ, ನಿದ್ದಿ ಬರವಲ್ದು. ನಾ ಹೋದ ಮ್ಯಾಲ ಆಕಿ ಕಾಗದ ಹಿಡ್ಕೊಂಡು ಯಾರ ಮುಂದೂ ನಿಂದ್ರಬಾರ್ದು.”

ಎರಡನ್ನೂ ಒಟ್ಟಿಗೇ ಮುರಿಸಿದರು. ತೆರಿಗೆ ಜೋರಾಗಿಯೇ ಬಿತ್ತು, ಮಾಳಿಗೆ ಹಾಗೇ ಉಳಿಯಿತು. ಆ ಮಳೆಗಾಲವಿಡೀ ಕಾಕು ಒಲೆಯ ಪಕ್ಕ ಬೋಗುಣಿ ಇಟ್ಟುಕೊಂಡೇ ರೊಟ್ಟಿ ಬಡಿದರು, ಗಂಡನ ಜೊತೆ ನೆಟ್ಟಗೆ ಮಾತಾಡಲಿಲ್ಲ. ನನಗೂ ಸಿಟ್ಟಿತ್ತು. ಆದರೆ ಕಾಕಾ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದನ್ನು ಆಗಲೇ ನಾನು ಮೊದಲು ನೋಡಿದ್ದು...

ಕೆಲವು ವರ್ಷಗಳ ಮೇಲೆ ಕಾಕುವೇ ಮೊದಲು ಹೋದರು. ಜ್ವರವೆಂದು ಮಲಗಿದವರು ಏಳಲಿಲ್ಲ. ಅವರ ಪಿಪಿಎಫ್ ಖಾತೆಗೆ ಕಾಕಾ ನಾಮಿನಿ. ಮರಣಪತ್ರ ಹಿಡಿದುಕೊಂಡು ನನ್ನ ಕೌಂಟರಿನ ಮುಂದೆ ಬಂದು ನಿಂತರು. ಕೂಡ್ರಿ ಎಂದರೂ ಕೂರಲಿಲ್ಲ.

“ಇದಕ್ಕ ತೆರಿಗಿ ಇಲ್ಲಲ್ಲ ತಮ್ಮಾ?”

“ಇಲ್ರಿ ಕಾಕಾ, ಒಂದ್ ಪೈಸಾನೂ ಇಲ್ಲ.”

“ಹಂಗಾರ ಮಾಳಿಗಿ ಮಾಡಸ್ತೀನಿ.”

ಮಾಡಿಸಿದರು ಕೂಡ. ಒಲೆ ಉರಿಯದ ಆ ಅಡುಗೆಮನೆಯಲ್ಲಿ ಮುಂದೆ ಒಂದು ಹನಿಯೂ ಸೋರಲಿಲ್ಲ.

ಈಗ ಕಾಕಾನೂ ಇಲ್ಲ. ಅವರಿಬ್ಬರಿಲ್ಲದ ಓಣಿ ನನಗೆ ಇವತ್ತಿಗೂ ಬಣಬಣ ಅನ್ನುತ್ತದೆ. ನಾನೂ ನಿವೃತ್ತನಾಗಿದ್ದೇನೆ, ನನ್ನದೂ ಎರಡು ಪಾಲಿಸಿ ಇವೆ. ಈ ಸಲವೂ ಯುಗಾದಿ ಮಾರ್ಚ್‌ನಲ್ಲೇ ಬಂದಿದೆ. ಒಂದನ್ನಾದರೂ ಏಪ್ರಿಲ್‌ವರೆಗೆ ತಡೆಯುವುದೇ ಜಾಣತನ, ಊರಿಗೆಲ್ಲ ಹೇಳಿದವನೇ ನಾನು. ಆದರೂ ಬೆಳಗಿನಿಂದ ತಂಬಿಗೆ ಹಿಡಿದು ಅಂಗಳಕ್ಕೂ ಓಣಿಗೂ ಓಡಾಡುತ್ತಿದ್ದೇನೆ. ಬೇವು ಇನ್ನೂ ಕುಡಿದಿಲ್ಲ.