ಬಾನೆಟ್ಟಿನ ಮೇಲಿನ ಅರಿಶಿಣ

ಫೆಬ್ರುವರಿ ಮೊದಲನೇ ಭಾನುವಾರ, ಬೆಳಿಗ್ಗೆ ಆರು ಇಪ್ಪತ್ತು. ಶಿರಾದ ನಮ್ಮ ಮನೆ ಮುಂದೆ, ಹೊಂಗೆ ಮರದ ಕೆಳಗೆ, ಒಂದು ಬಿಳಿ ಕಾರು. ಪಕ್ಕದಲ್ಲಿ ಎರಡು ಬಕೆಟ್ ನೀರು, ಒಂದು ಡಬ್ಬಿ ಪಾಲಿಶ್ ಕಾಂಪೌಂಡು, ಆರು ಮೆತ್ತನೆ ಬಟ್ಟೆ, ಮತ್ತು ಹದಿನಾಲ್ಕು ವಿಡಿಯೋ ನೋಡಿ ಪರಿಣತನಾಗಿದ್ದ ನಾನು. ಇಷ್ಟನ್ನೂ ಡೈರಿಯಲ್ಲಿ ಬರೆದುಕೊಂಡ ಮೇಲೆಯೇ ಬಟ್ಟೆ ಒದ್ದೆ ಮಾಡಿದ್ದು. ಬರೆಯದೆ ಮಾಡಿದ ಕೆಲಸ ಸುಮ್ಮನೆ ಕೆಡುತ್ತದೆ. ಬರೆದು ಮಾಡಿದರೆ ಎಷ್ಟು ಗಂಟೆಗೆ ಕೆಟ್ಟಿತೆಂಬುದಾದರೂ ಗೊತ್ತಾಗುತ್ತದೆ.

ಕಾರು ನಮ್ಮದಲ್ಲ, ಪಾವಗಡದ ಸೋದರಮಾವನದು. ಹೊಸದನ್ನು ಕೊಂಡ ಮೇಲೆ ಹಳೆಯದನ್ನು ಸಂಕ್ರಾಂತಿ ಕಳೆದ ಶುಕ್ರವಾರ ನಮ್ಮಲ್ಲಿ ತಂದು ಬಿಟ್ಟರು, ಷರತ್ತಿನ ಸಮೇತ.

"ಯುಗಾದಿಗೆ ಬಂದು ನೋಡ್ತೀನಿ. ಕೊಟ್ಟಂಗೇ ಇದ್ರೆ ಅಕ್ಕನ ಹೆಸ್ರಿಗೆ ಮಾಡ್ಸ್ತೀನಿ. ಇಲ್ಲಾಂದ್ರೆ ಮಡಕಶಿರದಾಗೆ ನನ್ ಭಾವಮೈದ ಕಾಯ್ತಾ ಅವ್ನೆ."

ಕೊಟ್ಟ ಹಾಗೆ ಎಂದರೆ ಸಣ್ಣ ಮಾತಲ್ಲ. ಆರು ವರ್ಷವಾದರೂ ಮಾವ ಸೀಟಿನ ಪ್ಲಾಸ್ಟಿಕ್ ಹೊದಿಕೆ ಕಿತ್ತಿರಲಿಲ್ಲ. ಒಂದು ಬಾಗಿಲಿಗೂ ಮತ್ತೆ ಬಣ್ಣ ಹೊಡೆಸಿರಲಿಲ್ಲ. "ಪೂರ್ತಿ ಕಂಪನಿ ಪೇಂಟು" ಎಂದು ಅವರು ಹೇಳುವಾಗ, ಹುಡುಗಿ ತೋರಿಸುವವರು ತಮ್ಮ ಮನೆತನದ ಬಗ್ಗೆ ಹೇಳುವ ಗತ್ತಿರುತ್ತಿತ್ತು.

ನಮಗೆ ಆ ಕಾರು ಬೇಕಾಗಿದ್ದುದು ಗತ್ತಿಗಲ್ಲ. ಅಮ್ಮ ಬುಕ್ಕಾಪಟ್ಟಣದಾಚೆಯ ಹಳ್ಳಿಯೊಂದರಲ್ಲಿ ಟೀಚರ್. ಬೆಳಿಗ್ಗೆ ಆ ಕಡೆಗೆ ಒಂದೇ ಬಸ್ಸು, ಅದೂ ಅದಕ್ಕೆ ಮನಸ್ಸು ಬಂದಾಗ. ಎರಡು ವರ್ಷ ನನ್ನ ಬೈಕಿನ ಹಿಂದೆ ಕೂತು ಅಮ್ಮನ ಸೊಂಟ ಹೋಯಿತು. ಇನ್ನು ಬೈಕು ಹತ್ತಕೂಡದೆಂದು ಡಾಕ್ಟರು ಹೇಳಿದ ಮೇಲೆ ಸ್ವಯಂ ನಿವೃತ್ತಿಯ ಅರ್ಜಿ ತುಂಬಿ ಬೀರುವಿನಲ್ಲಿಟ್ಟಿದ್ದಳು. ಇನ್ನೂ ಆರು ವರ್ಷ ಕೆಲಸವಿತ್ತು. ಕಾರು ಉಳಿದರೆ ಅಮ್ಮ ಶಾಲೆಗೆ. ಹೋದರೆ ಅರ್ಜಿ ಕಚೇರಿಗೆ.

ಕಾರು ಬಂದ ದಿನವೇ ಅಮ್ಮ ಅರಿಶಿಣ ಕಲಸಿ ಬಾನೆಟ್ಟಿನ ನಡುವೆ ದೊಡ್ಡದಾಗಿ ಸ್ವಸ್ತಿಕ ಬರೆದಳು. ಪೂಜೆಯ ಅರಿಶಿಣವನ್ನು ಕೈಯಾರೆ ಒರೆಸಬಾರದು, ತಾನಾಗೇ ಉದುರಬೇಕು. ನಾನು ಒರೆಸಲಿಲ್ಲ. ಧೂಳು ಕೂರದಿರಲೆಂದು ಕಾರಿಗೆ ಕವರ್ ಹೊದಿಸಿದೆ. ಬೆಳಗಿನ ಎಳೆಬಿಸಿಲಲ್ಲಿ ಅಮ್ಮನನ್ನು ಬಿಟ್ಟು ಬರುವುದು, ಸಂಜೆಯ ಇಳಿಬಿಸಿಲಲ್ಲಿ ಕರೆತರುವುದು, ಮಿಕ್ಕ ಹೊತ್ತೆಲ್ಲ ಕವರ್. ಎರಡು ವಾರ ಬಿಟ್ಟು ತೊಳೆದರೆ ಅರಿಶಿಣ ಹೋಗಿತ್ತು, ಹಳದಿ ಹೋಗಿರಲಿಲ್ಲ. ಬಿಳಿ ಬಾನೆಟ್ಟಿನ ಮೇಲೆ ಸ್ವಸ್ತಿಕ ಹುಟ್ಟುಮಚ್ಚೆಯಂತೆ ಕೂತಿತ್ತು.

"ಬಿಸ್ಲಾಗೆ ನಿಲ್ಸು, ಓಯ್ತದೆ," ಅಂದಳು ಅಮ್ಮ.

"ಬಿಸಿಲು ಬಣ್ಣಕ್ಕೆ ಶತ್ರು ಕಣಮ್ಮ. ಎಲ್ಲ ವಿಡಿಯೋದಾಗೂ ಅದನ್ನೇ ಹೇಳ್ತಾರೆ."

"ನಾನೂ ಅದನ್ನೇ ಯೋಳ್ತಿರೋದು ಕಣ್ಲಾ. ಅರಿಶ್ಣನೂ ಬಣ್ಣವೇ. ಸೀರೆಗೆ ಆದ್ರೆ ಬಿಸ್ಲಿಗೆ ಹರವಲ್ವಾ?"

ಸೀರೆ ಒಗೆಯುವವರಿಗೆ ಕಾರಿನ ವಿಜ್ಞಾನ ಹೇಗೆ ತಿಳಿಯಬೇಕು? ನಾನು ಬಾನೆಟ್ಟಿಗೆ ಟೇಪು ಅಂಟಿಸಿ ಹದಿನಾರು ಮನೆ ಮಾಡಿದೆ. ಒಂದೊಂದು ಮನೆಗೂ ಕಾಂಪೌಂಡು ಹಚ್ಚಿ ಅಡ್ಡಡ್ಡ ನಲವತ್ತು ಸಲ, ಉದ್ದುದ್ದ ನಲವತ್ತು ಸಲ ಉಜ್ಜಿದೆ. ಒಟ್ಟು ಮೂರು ಗಂಟೆ ನಲವತ್ತು ನಿಮಿಷ. ಸುತ್ತಲಿನ ಬಿಳುಪು ಕನ್ನಡಿಯಾಯಿತು. ಅದರ ನಡುವೆ ಹಳದಿ ಮೊದಲಿಗಿಂತ ಸ್ಪಷ್ಟವಾಗಿ ಕಂಡಿತು. ಕೆಲಸದ ಮೇಲೆ ಬಿಸಿಲು ಬೀಳಬಾರದಲ್ಲ, ಕವರ್ ಹೊದಿಸಿದೆ.

ಎರಡನೇ ಭಾನುವಾರ ಅದೇ ಲೆಕ್ಕ, ಕೊನೆಗೆ ಮೇಣದಂಥ ವ್ಯಾಕ್ಸು. ಅದು ಆರುವ ಮೊದಲೇ ಹಿಂದಿನ ಬೀದಿಯ ಕಡಲೆಕಾಯಿ ಮಿಲ್ಲು ಶುರುವಾಗಿ, ಬೀಜದ ಕೆಂಪು ಸಿಪ್ಪೆಯೆಲ್ಲ ಗಾಳಿಯಲ್ಲಿ ಬಂದು ಅಂಟಿತು. ಎಣಿಸುತ್ತ ಬಿಡಿಸಿದೆ: ನೂರ ಹನ್ನೆರಡು. ಆಮೇಲಿನವನ್ನು ಎಣಿಸಲಿಲ್ಲ, ಅಷ್ಟು ವಿವೇಕ ನನಗಿತ್ತು. ಮತ್ತೆ ಕವರ್.

ಮೂರನೇ ಭಾನುವಾರ ಹದಿನೈದನೇ ವಿಡಿಯೋದ ಮಾತು ಕೇಳಿ ನುಣುಪು ಉಜ್ಜುಕಾಗದ ತಂದೆ. ಬಾನೆಟ್ಟಿನ ಉದ್ದಕ್ಕೂ ಉಬ್ಬಿದ ಗೆರೆಯಂಥ ಒಂದು ಏಣು ಇದೆ, ಸ್ವಸ್ತಿಕದ ಬಲಗೈ ಅದರ ಮೇಲೆ ಹಾದಿತ್ತು. ಏಣಿನ ಮೇಲೆ ಬಣ್ಣ ತೆಳ್ಳಗಿರುತ್ತದೆ ಎಂಬುದನ್ನು ಹದಿನಾರನೇ ವಿಡಿಯೋದಲ್ಲಿ ಹೇಳಿದ್ದಾರೆ. ಅದನ್ನು ನಾನು ಸಂಜೆ ನೋಡಿದೆ. ಬೆಳಿಗ್ಗೆ ಹತ್ತು ಐದಕ್ಕೆ ಕಾಫಿ ಹಿಡಿದು ಬಂದ ಅಮ್ಮ ಬಗ್ಗಿ ನೋಡಿದಳು.

"ಇದೇನ್ಲಾ ಇಲ್ಲಿ, ಬೂದಿ ಬಣ್ಣ?"

"ಪ್ರೈಮರ್."

"ಅದನ್ನೂ ಹಚ್ಬೇಕಾ?"

"ಹಚ್ಚಿದ್ದಲ್ಲ. ಬಣ್ಣದ ಕೆಳಗಿರೋದು."

"ಅಂಗಾದ್ರೆ ಮೇಲಿನ ಬಣ್ಣ ಎಲ್ಲೋಯ್ತು?"

ಅದು ನನ್ನ ಕೈಯಲ್ಲಿದ್ದ ಬಟ್ಟೆಯಲ್ಲಿತ್ತು. ಅಮ್ಮ ಬಟ್ಟೆಯನ್ನು ನೋಡಿದಳು, ಕಾಫಿ ಲೋಟವನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು. ಬೀರು ತೆರೆದ ಸದ್ದು ಕೇಳಿಸಿತು. ಇದಕ್ಕೆ ನಾನು ಹೊತ್ತು ಬರೆದುಕೊಳ್ಳಲಿಲ್ಲ.

ಕವರಿಗೆಲ್ಲ ಕಾಂಪೌಂಡು ಮೆತ್ತಿತ್ತು. ಒಗೆದು ಹಾಕಿದರೆ ಗಾಳಿಗೆ ಹಾರಿ ಜಾಲಿ ಮುಳ್ಳಿಗೆ ಸಿಕ್ಕಿ ಹರಿಯಿತು. ಹೊಂಗೆಯೂ ಎಲೆ ಉದುರಿಸಿಕೊಂಡು ಬೋಳಾಗಿ ನಿಂತಿತ್ತು. ಹೀಗೆ ಕಾರು ಮೊದಲ ಸಲ ನಡುಮಧ್ಯಾಹ್ನದ ಬಿಸಿಲು ಕಂಡಿತು. ಸೋಮವಾರ ಹಳದಿ ಹಾಗೇ ಇತ್ತು. ಮಂಗಳವಾರ ಮಜ್ಜಿಗೆಯಷ್ಟು ತೆಳುವಾಯಿತು. ಗುರುವಾರ ಹುಡುಕಿದರೂ ಸಿಗಲಿಲ್ಲ. ಮೂರು ಭಾನುವಾರಕ್ಕೆ ಆಗದ್ದು ನಾಲ್ಕು ದಿನಕ್ಕೆ ಆಯಿತು. ಉಳಿದದ್ದು ನನ್ನ ಸ್ವಂತ ಕೆಲಸ: ಎರಡೂವರೆ ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ ಬೂದಿ ಪಟ್ಟೆ.

ಯುಗಾದಿಯ ಮರುದಿನ, ವರ್ಷತೊಡಕು, ಹನ್ನೊಂದು ನಲವತ್ತಕ್ಕೆ ಮಾವ ಬಂದರು. ಚಪ್ಪಲಿ ಬಿಡುವ ಮೊದಲೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ. ಬಾನೆಟ್ಟಿನ ಹತ್ತಿರ ನಿಂತು ಏಣಿನ ಮೇಲೆ ಉಗುರಾಡಿಸಿದರು.

"ಏಂದಿರಾ ಅಲ್ಲುಡಾ ಇದಿ?"

ಏನೋ ಅಳಿಯ ಇದು, ಎಂದು. ಕೋಪ ಬಂದರೆ ಮಾವನಿಗೆ ತೆಲುಗೇ ಬರುವುದು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮುಂದೆ ಬಂದಳು.

"ಅವನ್ನ ಬೈಬೇಡ ಕಣಪ್ಪ. ನಾನೇ ಅರಿಶ್ಣ ಹಚ್ಚಿದ್ದೆ, ಕಲೆ ಹಿಡ್ಕಂತು."

"ಕಲೆ ಎಲ್ಲೈತಕ್ಕಾ?"

"ಬಿಸ್ಲಿಗೆ ಓಯ್ತು."

"ತಾನಾಗೇ ಹೋಗೋದ್ನ ಇವನ್ಯಾಕೆ ಉಜ್ಜಿದ?"

ಕ್ರಮಬದ್ಧವಾಗಿ ಮಾಡಿದ್ದೆಂದು ತಿಳಿದರೆ ಮನಸ್ಸು ಕರಗಬಹುದೆಂದು ಡೈರಿ ತಂದು ಕೊಟ್ಟೆ. ಮಾವ ಜಗಲಿಯ ಮೇಲೆ ಕೂತು ಮೂರೂ ಭಾನುವಾರ ಓದಿದರು.

"ಲೇ, ನನ್ ಹೊಸ ಕಾರಿನ ಬುಕ್ಕಿನಾಗೂ ಇಷ್ಟು ಬರ್ದಿಲ್ಲ. ಇದ್ರಾಗೆ ಒಂದ್ಕಡೆನಾದ್ರೂ 'ಸಾಕು' ಅಂತ ಬರ್ದಿದ್ಯೇನೋ?"

ಊಟವಾದ ಮೇಲೆ ತೀರ್ಪು ಬಂತು. ಬೇಸಿಗೆ ರಜೆ ಮುಗಿಯುವವರೆಗೆ ಕಾರು ಇಲ್ಲೇ ಇರಲಿ. ಶಾಲೆ ಶುರುವಾಗುವಷ್ಟರಲ್ಲಿ ಆ ಪಟ್ಟೆ ಕಣ್ಣಿಗೆ ಬೀಳಬಾರದು. ಹಾಗೆಂದು ಇಡೀ ಬಾನೆಟ್ಟಿಗೆ ಬಣ್ಣ ಹೊಡೆಸಿ ಕಂಪನಿ ಪೇಂಟು ಕೆಡಿಸಿದರೂ ಕಾರು ಮಡಕಶಿರಕ್ಕೆ. ಅಮ್ಮ ತಲೆಯಾಡಿಸಿ ತಟ್ಟೆ ಎತ್ತಿದಳು. ಅರ್ಜಿಯಲ್ಲಿ ಈಗ ತಾರೀಖು ಮಾತ್ರ ಬರೆಯಬೇಕಿದೆ.

ಶಿರಾದಲ್ಲಿ ಒಬ್ಬರು, ಮಧುಗಿರಿಯಲ್ಲಿ ಇಬ್ಬರು, ಕೊರಟಗೆರೆಯಲ್ಲಿ ಒಬ್ಬರು, ಹೀಗೆ ಪೇಂಟರುಗಳನ್ನು ಕೇಳಿದ್ದೇನೆ. ನಾಲ್ವರೂ ಇಡೀ ಬಾನೆಟ್ ಹೊಡೆಯಬೇಕೆನ್ನುತ್ತಾರೆ. ಏಣಿನ ಮೇಲಿನ ಇಷ್ಟು ಸಣ್ಣ ಜಾಗಕ್ಕೆ ಮಾತ್ರ, ಸುತ್ತಲಿನ ಹಳೇ ಬಣ್ಣ ಮುಟ್ಟದೆ, ಕುಂಚದಲ್ಲಿ ಬಿಳಿ ತುಂಬಿ ಗುರುತು ಕಾಣದಂತೆ ಮಾಡಿದವರು ಯಾರಾದರೂ ಇದ್ದರೆ, ಹೇಗೆ ಮಾಡಿದಿರಿ, ಎಷ್ಟು ಪದರ ಹಾಕಿದಿರಿ, ಎಷ್ಟು ದಿನ ಆರಲು ಬಿಟ್ಟಿರಿ ಎಂದು ದಯವಿಟ್ಟು ನನಗೆ ಬರೆಯಿರಿ. ಮೇ ಕೊನೆಗೆ ಶಾಲೆ ಶುರು.